ಆಲ್ಪ್ಸ್ ಕಣಿವೆಗೆ ರಾತ್ರಿ ರೈಲು

ವಿಯೆನ್ನಾ ನಗರದ ಮುಖ್ಯ ನಿಲ್ದಾಣದಿಂದ ರಾತ್ರಿ ಒಂಬತ್ತೂವರೆಯ ಸುಮಾರಿಗೆ ಜ್ಯೂರಿಚ್‌ಗೆ ಒಂದು ರೈಲು ಹೊರಡುತ್ತದೆ. ಆಸ್ಟ್ರಿಯಾದ ರೈಲ್ವೆ ಅದಕ್ಕೆ ‘ನೈಟ್‌ಜೆಟ್’ ಎಂದು ಹೆಸರಿಟ್ಟಿದೆ. ಅದರಲ್ಲಿ ಮಲಗಿದವರಲ್ಲಿ ಬಹುಪಾಲು ಜನ ಮರುದಿನ ಬೆಳಿಗ್ಗೆ ಜ್ಯೂರಿಚ್‌ನಲ್ಲಿಯೇ ಇಳಿಯುತ್ತಾರೆ. ಆದರೆ ಅದಕ್ಕಿಂತ ಸುಮಾರು ಒಂದು ಗಂಟೆ ಮೊದಲು ಸಾರ್ಗಾನ್ಸ್ ಎಂಬ ಜಂಕ್ಷನ್‌ನಲ್ಲಿ ಇಳಿದು, ಎರಡು ಸಲ ಗಾಡಿ ಬದಲಿಸಿ, ಬೆಟ್ಟದ ಹೊಟ್ಟೆಯೊಳಗಿನ ಒಂದು ಉದ್ದನೆಯ ಸುರಂಗವನ್ನು ದಾಟಿದರೆ, ಮಧ್ಯಾಹ್ನಕ್ಕೆ ಮೊದಲೇ ಷ್ಕುವೋಲ್ ಎಂಬ ಪಟ್ಟಣ ಸಿಗುತ್ತದೆ. ಸ್ವಿಟ್ಜರ್ಲೆಂಡ್‌ನ ಪೂರ್ವದ ತುದಿಯಲ್ಲಿ, ಸಮುದ್ರಮಟ್ಟದಿಂದ ಸುಮಾರು 1250 ಮೀಟರ್ ಎತ್ತರದಲ್ಲಿ, ನದಿಯ ದಂಡೆಯ ಇಳಿಜಾರಿನಲ್ಲಿ ಕುಳಿತಿರುವ ಊರು ಅದು. ಹಳಿ ಅಲ್ಲಿಗೇ ಮುಗಿಯುತ್ತದೆ.

ಸ್ವಿಟ್ಜರ್ಲೆಂಡ್ ಎಂದೊಡನೆ ಭಾರತೀಯ ಪ್ರವಾಸಿಗರ ಮನಸ್ಸಿಗೆ ಬರುವುದು ಯೂಂಗ್‌ಫ್ರೌ, ಟಿಟ್ಲಿಸ್, ಹಿಂದಿ ಸಿನಿಮಾದ ಹಿಮ. ಷ್ಕುವೋಲ್ ಆ ಪಟ್ಟಿಯಲ್ಲಿಲ್ಲ. ಗಡಿಯಾಚೆಯ ಕನ್ನಡ ಶಾಲೆಗಳಿಗೆ ಮಕ್ಕಳನ್ನು ಕಳುಹಿಸುವ ಮನೆಗಳವರಿಗೆ ಮಾತ್ರ ಈ ಊರಿನ ವಿಷಯದಲ್ಲಿ ಬೇರೆಯದೇ ಒಂದು ಕುತೂಹಲ ಹುಟ್ಟಬೇಕು. ಅಲ್ಲಿನ ಶಾಲೆಯ ಮಾಧ್ಯಮ ಜರ್ಮನ್ ಅಲ್ಲ, ಫ್ರೆಂಚ್ ಅಲ್ಲ. ಇಡೀ ದೇಶದಲ್ಲಿ ನೂರಕ್ಕೆ ಒಬ್ಬರ ಮನೆಮಾತೂ ಅಲ್ಲದ ರೊಮಾನ್ಷ್ ಎಂಬ ನುಡಿ.

ಮೊದಲು ರೈಲಿನ ಮಾತು. ಯುರೋಪಿನಲ್ಲಿ ರಾತ್ರಿ ರೈಲುಗಳ ಕಾಲ ಮುಗಿಯಿತೆಂದು ಹತ್ತು ವರ್ಷಗಳ ಹಿಂದೆ ಎಲ್ಲರೂ ನಂಬಿದ್ದರು. ಅಗ್ಗದ ವಿಮಾನಗಳು ಬಂದಿದ್ದವು. ಅತಿವೇಗದ ಹಗಲು ಗಾಡಿಗಳು ಬಂದಿದ್ದವು. 2016ರ ಡಿಸೆಂಬರ್‌ನಲ್ಲಿ ಜರ್ಮನಿಯ ರೈಲ್ವೆ ತನ್ನ ಮಲಗುವ ಬೋಗಿಗಳ ಸೇವೆಯನ್ನು ನಿಲ್ಲಿಸಿಬಿಟ್ಟಿತು. ಅದೇ ತಿಂಗಳಿನಲ್ಲಿ ಅದಕ್ಕಿಂತ ಎಷ್ಟೋ ಚಿಕ್ಕದಾದ ಆಸ್ಟ್ರಿಯಾದ ರೈಲ್ವೆ ಆ ಮಾರ್ಗಗಳಲ್ಲಿ ಕೆಲವನ್ನು ವಹಿಸಿಕೊಂಡು, ತನ್ನ ಹಳೆಯ ಗಾಡಿಗಳನ್ನೂ ಸೇರಿಸಿ, ಹೊಸ ಹೆಸರಿನಲ್ಲಿ ಓಡಿಸತೊಡಗಿತು. ದೊಡ್ಡವರು ಲೆಕ್ಕಕ್ಕೆ ಬಾರದೆಂದು ಕೈಬಿಟ್ಟದ್ದನ್ನು ಚಿಕ್ಕವರು ಉಳಿಸಿಕೊಂಡ ಉದಾಹರಣೆಗಳು ರೈಲ್ವೆಯ ಇತಿಹಾಸದಲ್ಲಿ ಬಹಳವಿಲ್ಲ.

ಸೊಲ್ಲಾಪುರದಿಂದ ಹಾಸನಕ್ಕೆ ರಾತ್ರಿ ಗಾಡಿಯಲ್ಲಿ ಹೋಗಿ ಬಂದವರಿಗೆ ಈ ಗಾಡಿಯ ಒಳಗು ಪೂರ್ತಿ ಅಪರಿಚಿತವೇನಲ್ಲ. ಕುಳಿತು ಹೋಗುವ ಬೋಗಿ, ಒಂದು ಕೋಣೆಯಲ್ಲಿ ನಾಲ್ಕೋ ಆರೋ ಬರ್ತುಗಳಿರುವ ಬೋಗಿ, ಒಬ್ಬಿಬ್ಬರಿಗೆಂದೇ ಕೋಣೆಗಳಿರುವ ಬೋಗಿ ಎಂದು ಮೂರು ಬಗೆ. ಬರ್ತಿನ ಮೇಲೆ ಹಾಸಿಕೊಳ್ಳುವ ಬಟ್ಟೆ, ದಿಂಬು, ಹೊದಿಕೆ ಇರುತ್ತವೆ. ಕೋಣೆಗೆ ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದು. ಬೋಗಿಯ ಸಿಬ್ಬಂದಿ ಯಾರು ಎಲ್ಲಿ ಇಳಿಯುವರೆಂಬುದನ್ನು ಗುರುತು ಹಾಕಿಕೊಂಡಿದ್ದು, ನಿಲ್ದಾಣ ಬರುವ ಮುನ್ನ ಬಾಗಿಲು ತಟ್ಟಿ ಎಬ್ಬಿಸುತ್ತಾರೆ. ಬ್ರೆಡ್ಡು, ಬೆಣ್ಣೆ, ಜಾಮು, ಕಾಫಿ ಅಥವಾ ಚಹಾ ಕೊಡುತ್ತಾರೆ. ಇಲ್ಲದಿರುವುದು ಗದ್ದಲ. ನಡುರಾತ್ರಿಯ ನಿಲ್ದಾಣಗಳಲ್ಲಿ ಚಹಾ ಮಾರುವವರ ಕೂಗಿಲ್ಲ, ಟ್ರಂಕು ಎಳೆಯುವ ಸದ್ದಿಲ್ಲ, ಅನ್ನದ ಡಬ್ಬಿ ಬಿಚ್ಚಿ ಎದುರಿನವರಿಗೂ ಒಂದು ತುತ್ತು ನೀಡುವ ವಾಡಿಕೆಯೂ ಇಲ್ಲ. ಮನೆಯಿಂದ ಕಟ್ಟಿಕೊಂಡ ಖಡಕ್ ರೊಟ್ಟಿ, ಶೇಂಗಾ ಚಟ್ನಿಯನ್ನು ಹೊರತೆಗೆದರೆ ಆಕ್ಷೇಪಿಸುವವರಂತೂ ಯಾರೂ ಇರುವುದಿಲ್ಲ.

ಈ ಒಂದು ರಾತ್ರಿಯಲ್ಲಿ ಪ್ರಯಾಣಿಕನು ದಾಟುವ ಗಡಿಗಳನ್ನು ಎಣಿಸಿದರೆ ಸೋಜಿಗವಾಗುತ್ತದೆ. ಸಾಲ್ಜ್‌ಬುರ್ಗ್ ಬಿಟ್ಟ ಮೇಲೆ ಗಾಡಿಯು ಸಾಮಾನ್ಯವಾಗಿ ಜರ್ಮನಿಯ ಒಂದು ಮೂಲೆಯನ್ನು ಹಾಯ್ದು ಮತ್ತೆ ಆಸ್ಟ್ರಿಯಾಕ್ಕೆ ಬರುತ್ತದೆ. ಬೆಟ್ಟಗಳನ್ನು ಬಳಸಿ ಹೋಗುವುದಕ್ಕಿಂತ ನೆರೆಯ ದೇಶದ ಮೂಲಕ ಹೋಗುವುದು ಹತ್ತಿರದ ದಾರಿಯಾದ್ದರಿಂದ ಹೀಗೆ. ಬೆಳಗಿನ ಜಾವ ಆರ್ಲ್‌ಬೆರ್ಗ್ ಪರ್ವತದ ಕೆಳಗಿನ ಸುರಂಗ ಬರುತ್ತದೆ. ಹತ್ತು ಕಿಲೋಮೀಟರಿಗಿಂತ ಉದ್ದನೆಯ ಈ ಸುರಂಗ 1884ರಲ್ಲಿ ಸಂಚಾರಕ್ಕೆ ತೆರೆಯಿತು. ಅದನ್ನು ದಾಟಿ ಫೆಲ್ಡ್‌ಕಿರ್ಖ್ ಬಿಟ್ಟರೆ ಲಿಖ್ಟೆನ್‌ಸ್ಟೈನ್ ಎಂಬ ಪುಟ್ಟ ದೇಶವೊಂದು ಬರುತ್ತದೆ. ಗಾಡಿ ಅಲ್ಲಿ ನಿಲ್ಲುವುದಿಲ್ಲ. ಎದ್ದು ಮುಖ ತೊಳೆದು ಬರುವಷ್ಟರಲ್ಲಿ ಒಂದು ರಾಷ್ಟ್ರ ಹಿಂದೆ ಸರಿದಿರುತ್ತದೆ. ಆ ಬಳಿಕ ರೈನ್ ನದಿ, ಸ್ವಿಟ್ಜರ್ಲೆಂಡ್‌ನ ಮೊದಲ ನಿಲ್ದಾಣವಾದ ಬುಖ್ಸ್. ಅಲ್ಲಿ ಎಂಜಿನ್ ಇನ್ನೊಂದು ತುದಿಗೆ ಬರುತ್ತದೆ. ರಾತ್ರಿಯಿಡೀ ತಲೆ ಮುಂದಾಗಿ ಬಂದವರು ಅಲ್ಲಿಂದ ಕಾಲು ಮುಂದಾಗಿ ಸಾಗುತ್ತಾರೆ. 2008ರ ಕೊನೆಯಿಂದ ಸ್ವಿಟ್ಜರ್ಲೆಂಡ್ ಸಹ ಷೆಂಗೆನ್ ಒಪ್ಪಂದದ ವ್ಯವಸ್ಥೆಯೊಳಗಿರುವುದರಿಂದ ಇಷ್ಟೂ ದಾರಿಗೆ ಒಂದೇ ವೀಸಾ ಸಾಕು.

ಗಡಿಗಳು ಹೀಗೆ ಒಂದೊಂದಾಗಿ ಬಂದು ಹೋಗುವಾಗ ಕಿಟಕಿಯ ಹೊರಗೆ ಕತ್ತಲಲ್ಲಿ ಬಹಳ ದೂರ ಜೊತೆಗಿರುವುದು ಒಂದು ನದಿ. ಜರ್ಮನಿಯ ರೋಸೆನ್‌ಹೈಮ್‌ನಿಂದ ಆಸ್ಟ್ರಿಯಾದ ಲಾಂಡೆಕ್‌ವರೆಗೆ ರೈಲುಮಾರ್ಗ ಇನ್ ನದಿಯ ಕಣಿವೆಯಲ್ಲಿಯೇ ಸಾಗುತ್ತದೆ. ಇನ್ಸ್‌ಬ್ರುಕ್ ಎಂಬ ಹೆಸರಿಗೆ ಇನ್ ನದಿಯ ಸೇತುವೆ ಎಂದೇ ಅರ್ಥ. ಈ ನದಿ ಹುಟ್ಟುವುದು ಸ್ವಿಟ್ಜರ್ಲೆಂಡ್‌ನ ಎಂಗಡೀನ್ ಕಣಿವೆಯಲ್ಲಿ. ಅಲ್ಲಿನ ಜನ ಅದನ್ನು ‘ಎನ್’ ಎನ್ನುತ್ತಾರೆ. ಕಣಿವೆಗೆ ಹೆಸರು ಬಂದದ್ದೂ ಅದರಿಂದಲೇ. ಷ್ಕುವೋಲ್ ಇರುವುದು ಇದೇ ನದಿಯ ಮೇಲೆ. ಲಾಂಡೆಕ್‌ನಲ್ಲಿ ಗಾಡಿ ನದಿಯ ಕೈಬಿಟ್ಟು ಪಶ್ಚಿಮಕ್ಕೆ ತಿರುಗುವ ಹೊತ್ತಿನಲ್ಲಿ ಷ್ಕುವೋಲ್ ಹೆಚ್ಚು ದೂರವಿರುವುದಿಲ್ಲ. ನದಿಯ ಜಾಡು ಹಿಡಿದು ಮೇಲಕ್ಕೆ ಹೋದರೆ ನಸುಕಿಗೇ ತಲುಪಬಹುದಿತ್ತು. ಲಾಂಡೆಕ್‌ನಿಂದ ಷ್ಕುವೋಲ್‌ಗೆ ಹಳಿ ಕೂಡಿಸುವ ಯೋಜನೆಯೂ ಒಂದು ಕಾಲದಲ್ಲಿತ್ತು. 1913ರಲ್ಲಿ ಸ್ವಿಟ್ಜರ್ಲೆಂಡ್‌ನ ಹಳಿ ಷ್ಕುವೋಲ್ ಮುಟ್ಟಿತು, ಮರುವರ್ಷವೇ ಮಹಾಯುದ್ಧ ಬಂತು, ಗಡಿಯಾಚೆಯ ತುಂಡು ಇಂದಿಗೂ ಆಗಿಲ್ಲ. ಆದ್ದರಿಂದ ಪ್ರಯಾಣಿಕನು ಪಶ್ಚಿಮಕ್ಕೆ ಹೋಗಿ, ದಕ್ಷಿಣಕ್ಕೆ ತಿರುಗಿ, ಮತ್ತೆ ಪೂರ್ವಕ್ಕೆ ಬಂದು ರಾತ್ರಿ ಬಿಟ್ಟ ನದಿಯನ್ನೇ ಬೆಳಿಗ್ಗೆ ಸೇರಬೇಕು. ಗಡಿಭಾಗದಲ್ಲಿ ಬದುಕುವವರಿಗೆ ಇಂತಹ ಸುತ್ತುದಾರಿಗಳ ಅನುಭವ ಹೊಸದಲ್ಲ.

ಸಾರ್ಗಾನ್ಸ್‌ನಿಂದ ಲಾಂಡ್‌ಕ್ವಾರ್ಟ್‌ಗೆ ಸ್ವಲ್ಪವೇ ದೂರ. ಅಲ್ಲಿ ದೊಡ್ಡ ಹಳಿ ಬಿಟ್ಟು ರೇಟಿಯನ್ ರೈಲ್ವೆಯ ಕೆಂಪು ಗಾಡಿ ಹತ್ತಬೇಕು. ಇದು ಮೀಟರ್ ಗೇಜ್. ಹೊಟಗಿಯಿಂದ ವಿಜಯಪುರದ ಮೇಲೆ ಗದಗಿಗೆ ಮೀಟರ್ ಗೇಜ್ ಗಾಡಿಯಲ್ಲಿ ಓಡಾಡಿದ ಹಿರಿಯರಿಗೆ ಆ ಅಗಲದ ಹಳಿ ಕಂಡರೆ ಸಂತೋಷವಾದೀತು. ನೀಲಗಿರಿಯ ಓದುಗರಿಗೆ ನಂಟು ಇನ್ನೂ ಹತ್ತಿರದ್ದು. ಮೆಟ್ಟುಪಾಳ್ಯದಿಂದ ಕೂನೂರಿಗೆ ಏರುವ ಗಾಡಿಯ ಹಲ್ಲುಹಳಿಯ ಪದ್ಧತಿಯನ್ನು ಕಂಡುಹಿಡಿದ ರೋಮನ್ ಆಬ್ಟ್ ಸ್ವಿಟ್ಜರ್ಲೆಂಡ್‌ನವನು. ಆ ಮಾರ್ಗದ ಹೆಸರಾಂತ ಉಗಿ ಎಂಜಿನ್‌ಗಳು ತಯಾರಾದದ್ದು ಜ್ಯೂರಿಚ್‌ಗೆ ಹತ್ತಿರದ ವಿಂಟರ್‌ಥೂರ್ ಊರಿನ ಕಾರ್ಖಾನೆಯಲ್ಲಿ. ನೀಲಗಿರಿಯ ರೈಲು 2005ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದರೆ, ರೇಟಿಯನ್ ರೈಲ್ವೆಯ ಆಲ್ಬುಲಾ ಮತ್ತು ಬೆರ್ನಿನಾ ಮಾರ್ಗಗಳು ಸೇರಿದ್ದು 2008ರಲ್ಲಿ. ಷ್ಕುವೋಲ್‌ಗೆ ಹೋಗುವ ಗಾಡಿ ಆ ಹೆಸರಾದ ಮಾರ್ಗಗಳದ್ದಲ್ಲ. ಅದರಲ್ಲಿ ಕ್ಯಾಮೆರಾ ಹಿಡಿದವರಿಗಿಂತ ಸಂತೆಯ ಚೀಲ ಹಿಡಿದವರೇ ಹೆಚ್ಚು.

ಕ್ಲೋಸ್ಟರ್ಸ್‌ವರೆಗೆ ಹುಲ್ಲುಗಾವಲು, ಕಟ್ಟಿಗೆಯ ಮನೆ, ಜರ್ಮನ್ ಮಾತು. ಅಲ್ಲಿಂದ ವೆರೈನಾ ಸುರಂಗ. ಹತ್ತೊಂಬತ್ತು ಕಿಲೋಮೀಟರ್ ಉದ್ದ. ಮೀಟರ್ ಗೇಜ್ ಹಳಿಯ ಸುರಂಗಗಳಲ್ಲಿ ಜಗತ್ತಿನಲ್ಲಿಯೇ ಅತಿ ಉದ್ದನೆಯದು. 1999ರ ನವೆಂಬರ್‌ನಲ್ಲಿ ಅದು ತೆರೆಯುವವರೆಗೆ ಈ ಕಡೆಯಿಂದ ಕಣಿವೆಗೆ ಹೋಗುವವರು 2383 ಮೀಟರ್ ಎತ್ತರದ ಫ್ಲುಯೆಲಾ ಕಣಿವೆದಾರಿಯನ್ನು ಹತ್ತಿ ಇಳಿಯಬೇಕಾಗಿತ್ತು. ಚಳಿಗಾಲದಲ್ಲಿ ಹಿಮ ಬಿದ್ದು ಅದು ಮುಚ್ಚಿಹೋಗುತ್ತಿತ್ತು. ಈಗ ಕಾರುಗಳನ್ನು ಸಹ ರೈಲಿನ ಮೇಲೆ ಹೇರಿ ಸುರಂಗದಲ್ಲಿ ಸಾಗಿಸುತ್ತಾರೆ.

ಸುರಂಗದ ಆ ಬಾಯಿಯಲ್ಲಿ ಬೆಳಕು ಬಂದಾಗ ಎರಡು ಬದಲಾವಣೆಗಳು ಒಟ್ಟಿಗೆ ಆಗಿರುತ್ತವೆ. ಕಟ್ಟಿಗೆಯ ಮನೆಗಳಿದ್ದಲ್ಲಿ ದಪ್ಪ ಗೋಡೆಯ, ಆಳವಾದ ಕಿಟಕಿಯ ಕಲ್ಲಿನ ಮನೆಗಳು. ಗಾರೆಯನ್ನು ಕೆತ್ತಿ ಬಿಡಿಸಿದ ಹೂಬಳ್ಳಿ, ಮೀನು, ಸೂರ್ಯ. ಬಾಗಿಲ ಮೇಲೆ ಮನೆ ಕಟ್ಟಿದ ವರ್ಷ, ಕೆಳಗೆ ಒಂದೆರಡು ಸಾಲಿನ ನುಡಿಗಟ್ಟು. ಇನ್ನೊಂದು ಬದಲಾವಣೆ ಕಿವಿಯದು. ಮುಂದಿನ ನಿಲ್ದಾಣವನ್ನು ಸಾರುವ ಧ್ವನಿ ರೊಮಾನ್ಷ್‌ನಲ್ಲಿ ಮಾತನಾಡುತ್ತದೆ. ಲವೀನ್, ಗುವಾರ್ದಾ, ಆರ್ದೆಟ್ಸ್. ಇಳಿದರೆ ಎದುರಾದವರು ‘ಅಲ್ಲೆಗ್ರಾ’ ಎನ್ನುತ್ತಾರೆ. ಅಪರಿಚಿತರಿಗೂ ಈ ನಮಸ್ಕಾರ ಸಲ್ಲುತ್ತದೆ.

ರೊಮಾನ್ಷ್ ಲ್ಯಾಟಿನ್‌ನಿಂದ ಬಂದ ನುಡಿ. ಇಟಾಲಿಯನ್, ಫ್ರೆಂಚ್‌ಗಳ ತಂಗಿ. ಗ್ರೌಬ್ಯುಂಡೆನ್ ಎಂಬ ಪ್ರಾಂತ್ಯದ ಬೆಟ್ಟಗಳ ನಡುವೆ ಅದು ಉಳಿದುಕೊಂಡಿದೆ. 1938ರ ಫೆಬ್ರವರಿಯಲ್ಲಿ ಇದನ್ನು ದೇಶದ ನಾಲ್ಕನೆಯ ರಾಷ್ಟ್ರಭಾಷೆಯೆಂದು ಒಪ್ಪಬೇಕೇ ಎಂದು ಜನಮತ ಕೇಳಿದಾಗ ಮತ ಹಾಕಿದವರಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಜನ ಒಪ್ಪಿದರು. ಅದು ಸ್ವತಂತ್ರ ಭಾಷೆಯಲ್ಲ, ಇಟಾಲಿಯನ್‌ನ ಉಪಭಾಷೆ ಮಾತ್ರ ಎಂದು ಗಡಿಯಾಚೆಯ ಇಟಲಿಯಿಂದ ಕೇಳಿಬರುತ್ತಿದ್ದ ವಾದಕ್ಕೆ ಅದು ಉತ್ತರವೂ ಆಗಿತ್ತು. ಸ್ವಿಸ್ ನೋಟಿನ ಮೇಲೆ ಬ್ಯಾಂಕಿನ ಹೆಸರು ನಾಲ್ಕು ಭಾಷೆಗಳಲ್ಲಿ ಅಚ್ಚಾಗುತ್ತದೆ, ರೊಮಾನ್ಷ್ ಅವುಗಳಲ್ಲೊಂದು. ಭಾರತದ ನೋಟಿನ ಹಿಂಬದಿಯ ಪಟ್ಟಿಯಲ್ಲಿ ಕನ್ನಡದ ಸಾಲನ್ನು ಮಕ್ಕಳು ಹುಡುಕಿ ಓದುವಂತೆ ಅಲ್ಲಿನ ಮಕ್ಕಳೂ ಓದುತ್ತಿರಬಹುದು.

ನೋಟಿನ ಮೇಲಿನ ಸ್ಥಾನದಿಂದ ನುಡಿ ಬದುಕುತ್ತದೆಯೇ ಎಂಬುದು ಬೇರೆ ಪ್ರಶ್ನೆ. ಗ್ರೌಬ್ಯುಂಡೆನ್‌ನಲ್ಲಿ 1880ರಲ್ಲಿ ಹತ್ತಿರಹತ್ತಿರ ನೂರಕ್ಕೆ ನಲವತ್ತು ಜನರ ನುಡಿ ರೊಮಾನ್ಷ್ ಆಗಿತ್ತು. 2000ದ ಜನಗಣತಿಯಲ್ಲಿ ಅದನ್ನು ತಮ್ಮ ಮುಖ್ಯ ಭಾಷೆ ಎಂದವರು ನೂರಕ್ಕೆ ಹದಿನೈದಕ್ಕಿಂತ ಕಡಿಮೆ. ಇಡೀ ದೇಶದಲ್ಲಿ ಅವರ ಸಂಖ್ಯೆ 35 ಸಾವಿರದಷ್ಟು. ಯಾರೂ ಓಡಿಸಲಿಲ್ಲ, ಯಾರೂ ನಿಷೇಧಿಸಲಿಲ್ಲ. ರೈಲು ಬಂತು, ಹೋಟೆಲು ಬಂತು, ಹೊರಗಿನಿಂದ ಜನ ಬಂದರು; ಓದಿದ ಮಕ್ಕಳು ಕೂರ್‌ಗೂ ಜ್ಯೂರಿಚ್‌ಗೂ ಹೋಗಿ ಜರ್ಮನ್‌ನಲ್ಲಿ ಸಂಸಾರ ಹೂಡಿದರು. ಕಣಿವೆಗೆ ಅನ್ನ ತಂದ ದಾರಿಯೇ ನುಡಿಯನ್ನು ಹೊರಗೊಯ್ದಿತು. ಆದರೂ ರೈಲು ಬೇಡವಾಗಿತ್ತು ಎಂದು ಹೇಳುವವರು ಅಲ್ಲಿ ಯಾರೂ ಇರಲಾರರು. ಹಿಮದಲ್ಲಿ ಆರು ತಿಂಗಳು ಸಿಕ್ಕಿಬಿದ್ದವರಿಗೆ ಗೊತ್ತು ಸುರಂಗದ ಬೆಲೆ.

ಇದಕ್ಕೆ ಅವರು ಮಾಡಿಕೊಂಡ ಏರ್ಪಾಡು ಗಮನಿಸುವಂಥದು. 2006ರಲ್ಲಿ ಒಪ್ಪಿದ ಪ್ರಾಂತ್ಯದ ಭಾಷಾ ಕಾನೂನಿನಂತೆ, ಒಂದು ಊರಿನಲ್ಲಿ ನೂರಕ್ಕೆ ನಲವತ್ತು ಜನ ರೊಮಾನ್ಷ್ ಮಾತನಾಡುವವರಿದ್ದರೆ ಆ ಊರಿನ ಆಡಳಿತವೂ ಶಾಲೆಯೂ ರೊಮಾನ್ಷ್‌ನಲ್ಲಿಯೇ ನಡೆಯತಕ್ಕದ್ದು. ನೂರಕ್ಕೆ ಇಪ್ಪತ್ತು ಇದ್ದರೆ ಎರಡು ಭಾಷೆ. ಎಂದರೆ ಅರ್ಧಕ್ಕಿಂತ ಕಡಿಮೆಯಾದ ಮೇಲೂ ನುಡಿಯು ಮನೆಯ ಯಜಮಾನಿಯಾಗಿಯೇ ಇರುತ್ತದೆ. ಭಾರತದ ಸಂವಿಧಾನದ 350ಎ ವಿಧಿಯು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸಾಕಷ್ಟು ಅನುಕೂಲ ಒದಗಿಸಲು ಪ್ರಯತ್ನಿಸಬೇಕೆನ್ನುತ್ತದೆ. ‘ಪ್ರಯತ್ನಿಸಬೇಕು’ ಎಂಬುದಕ್ಕೂ ‘ನಡೆಯತಕ್ಕದ್ದು’ ಎಂಬುದಕ್ಕೂ ಇರುವ ಅಂತರವನ್ನು ಶಿಕ್ಷಕರ ನೇಮಕಕ್ಕಾಗಿ ಕಾದು ಕುಳಿತ ಶಾಲೆಗಳವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಷ್ಕುವೋಲ್‌ನ ಮಗು ಮೊದಲೆರಡು ವರ್ಷ ಎಲ್ಲವನ್ನೂ ರೊಮಾನ್ಷ್‌ನಲ್ಲಿ ಕಲಿಯುತ್ತದೆ. ಮೂರನೆಯ ತರಗತಿಯಿಂದ ಜರ್ಮನ್, ಐದನೆಯದರಿಂದ ಇಂಗ್ಲಿಷ್. ಮೇಲಿನ ತರಗತಿಗಳಿಗೆ ಬಂದಂತೆ ಜರ್ಮನ್ ಹೆಚ್ಚುತ್ತದೆ. ಊರಿನ ಶಾಲೆಯಲ್ಲಿ ಓದಿದ್ದರಿಂದ ಮುಂದೆ ಕೆಲಸ ಸಿಗಲಿಲ್ಲ ಎಂಬ ದೂರು ಅಲ್ಲಿ ಏಳುವುದಿಲ್ಲ. ಏಕೆಂದರೆ ದೊಡ್ಡವರಾಗುವ ಹೊತ್ತಿಗೆ ಪ್ರತಿಯೊಬ್ಬರಿಗೂ ಎರಡು ಭಾಷೆ ಚೆನ್ನಾಗಿ ಬರುತ್ತದೆ, ಒಂದೇ ಭಾಷೆ ಬರುವವರು ಸುರಂಗದ ಆ ಕಡೆಯವರು.

ಜಗಳ ಎದ್ದದ್ದು ಬೇರೊಂದು ವಿಷಯಕ್ಕೆ, ಪಠ್ಯಪುಸ್ತಕಕ್ಕೆ. ರೊಮಾನ್ಷ್ ಎಂದರೆ ಒಂದೇ ರೂಪವಲ್ಲ. ಕಣಿವೆಗೊಂದರಂತೆ ಬರವಣಿಗೆಯ ಐದು ರೂಪಗಳಿವೆ. ‘ನಾನು’ ಎನ್ನಲು ರೈನ್ ನದಿಯ ಮೇಲ್ಕಣಿವೆಯವರು ‘ಯೆಉ’ ಎಂದರೆ ಷ್ಕುವೋಲ್‌ನವರು ‘ಎಉ’ ಎನ್ನುತ್ತಾರೆ. ಷ್ಕುವೋಲ್‌ನ ರೂಪಕ್ಕೆ ವಲ್ಲಾದೇರ್ ಎಂದು ಹೆಸರು. ಐದು ರೂಪಗಳಲ್ಲಿ ಪುಸ್ತಕ ಅಚ್ಚು ಹಾಕುವುದು ದುಬಾರಿ; ಅದೂ ಕೆಲವೇ ನೂರು ಮಕ್ಕಳಿಗೆ. 1982ರಲ್ಲಿ ಹೈನ್ರಿಷ್ ಶ್ಮಿಡ್ ಎಂಬ ಭಾಷಾವಿಜ್ಞಾನಿ ಎಲ್ಲ ರೂಪಗಳಿಗೂ ಸಮೀಪವಾದ ಒಂದು ಬರವಣಿಗೆಯ ಭಾಷೆಯನ್ನು ರೂಪಿಸಿಕೊಟ್ಟರು. ಅದರಲ್ಲಿ ‘ನಾನು’ ಎಂಬುದು ‘ಯಾವು’. ಸರ್ಕಾರಿ ಕಾಗದಪತ್ರಗಳಿಗೆ ಅದು ಒಗ್ಗಿತು. ಬಳಿಕ ಪ್ರಾಂತ್ಯದ ಶಾಸನಸಭೆ 2003ರಲ್ಲಿ ಒಂದು ಹೆಜ್ಜೆ ಮುಂದಿಟ್ಟು, 2005ರಿಂದ ಹೊಸ ಪಠ್ಯಪುಸ್ತಕಗಳೆಲ್ಲ ಈ ಏಕರೂಪದಲ್ಲಿಯೇ ಬರಲಿ ಎಂದು ತೀರ್ಮಾನಿಸಿತು. ಲೆಕ್ಕಪತ್ರದ ದೃಷ್ಟಿಯಿಂದ ಅದು ಸರಿಯಾದ ತೀರ್ಮಾನವೇ.

ಆದರೆ ಮನೆಗೆ ಬಂದ ಪುಸ್ತಕ ಅಜ್ಜಿಗೆ ತನ್ನದೆನಿಸಲಿಲ್ಲ. ಮಗು ಮನೆಯಲ್ಲಿ ಆಡುವುದು ಒಂದು, ಪುಸ್ತಕದಲ್ಲಿ ಓದುವುದು ಇನ್ನೊಂದು, ಹೊರಗೆ ಜರ್ಮನ್. ಇಷ್ಟು ಚಿಕ್ಕ ನುಡಿಯಲ್ಲಿ ಎರಡು ಅಂತಸ್ತು ಏಕೆ ಎಂದು ತಂದೆತಾಯಂದಿರು ಕೇಳತೊಡಗಿದರು. ಏಕರೂಪವನ್ನು ಮೊದಲು ಒಪ್ಪಿದ ಶಾಲೆಗಳಲ್ಲಿ ಒಂದಾದ ನೆರೆಯ ಮುಸ್ಟೈರ್ ಕಣಿವೆಯವರೇ 2012ರಲ್ಲಿ ಮತ ಹಾಕಿ ವಲ್ಲಾದೇರ್‌ಗೆ ಹಿಂದಿರುಗಿದರು. ಅದಕ್ಕೆ ಸ್ವಲ್ಪ ಮೊದಲೇ, 2011ರಲ್ಲಿ, ಶಾಸನಸಭೆಯೂ ಪಟ್ಟು ಸಡಿಲಿಸಿ, ಕಣಿವೆಯ ರೂಪಗಳಲ್ಲಿ ಪುಸ್ತಕ ಪ್ರಕಟಿಸಲು ಮತ್ತೆ ಒಪ್ಪಿತ್ತು. ಖರ್ಚು ಹೆಚ್ಚಾಯಿತು. ಒಂದೇ ರೂಪವಿದ್ದಿದ್ದರೆ ಆಗಬಹುದಾಗಿದ್ದ ಒಳ್ಳೆಯ ನಿಘಂಟು, ವಿಜ್ಞಾನದ ಪುಸ್ತಕಗಳು ಹಿಂದೆ ಬಿದ್ದವು ಎಂದು ಕೊರಗುವವರೂ ಇದ್ದಾರೆ. ಅವರ ಮಾತಿನಲ್ಲಿ ಹುರುಳಿಲ್ಲವೆನ್ನಲಾಗದು. ಜತ್ತದ ಹಟ್ಟಿಯ ಮಾತಿಗೂ ಕಾಸರಗೋಡಿನ ಮನೆಯ ಮಾತಿಗೂ ಬೆಂಗಳೂರಿನಲ್ಲಿ ಅಚ್ಚಾದ ಪಾಠಕ್ಕೂ ನಡುವೆ ನಿಂತು ಪಾಠ ಹೇಳುವ ಶಿಕ್ಷಕಿಗೆ ಎರಡೂ ಕಡೆಯವರ ವಾದ ಅರ್ಥವಾಗುತ್ತದೆ. ಕನ್ನಡ ಕೋಟಿಗಟ್ಟಲೆ ಜನರ ಭಾಷೆಯಾದ್ದರಿಂದ ಆ ಬಿರುಕನ್ನು ತಾಳಿಕೊಳ್ಳುತ್ತದೆ. ಮೂವತ್ತೈದು ಸಾವಿರ ಜನರ ನುಡಿಗೆ ಮಗುವಿನ ಬಾಯಲ್ಲಿರುವ ಮಾತೇ ಉಳಿದ ಏಕೈಕ ಆಸ್ತಿ. ಕಣಿವೆಯ ತಂದೆತಾಯಂದಿರು ಅದನ್ನೇ ಆರಿಸಿಕೊಂಡದ್ದು ಸರಿಯೆಂದೇ ತೋರುತ್ತದೆ.

ಷ್ಕುವೋಲ್‌ಗೆ ಮೊದಲೇ ಬರುವ ಗುವಾರ್ದಾ ನಿಲ್ದಾಣದಲ್ಲಿ ಮಕ್ಕಳೊಂದಿಗೆ ಹೋದವರು ಇಳಿಯಬೇಕು. ನಿಲ್ದಾಣ ಕೆಳಗೆ, ಊರು ಮೇಲೆ 1650 ಮೀಟರ್ ಎತ್ತರದಲ್ಲಿ. ಚಿಕ್ಕ ಬಸ್ಸು ಹತ್ತಿಸುತ್ತದೆ. ‘ಉವರ್ಸಿನ್’ ಎಂಬ ಚಿತ್ರಪುಸ್ತಕದ ಹುಡುಗನ ಊರು ಇದು. ಸೆಲೀನಾ ಚೋನ್ಟ್ಸ್ ಬರೆದು, ಅಲೋಯಿಸ್ ಕರಿಜಿಯೆಟ್ ಚಿತ್ರ ಬಿಡಿಸಿದ ಈ ಪುಸ್ತಕ ಹೊರಬಂದದ್ದು 1945ರಲ್ಲಿ. ಮಾರ್ಚ್ ಒಂದರಂದು ಎಂಗಡೀನ್‌ನ ಮಕ್ಕಳು ಹಸುವಿನ ಕೊರಳ ಗಂಟೆಗಳನ್ನು ಬಾರಿಸುತ್ತ ಬೀದಿಬೀದಿ ಸುತ್ತಿ ಚಳಿಗಾಲವನ್ನು ಓಡಿಸುತ್ತಾರೆ. ಚಲಂದಾಮಾರ್ಟ್ಸ್ ಎಂಬ ಹಬ್ಬ ಅದು. ಪುಸ್ತಕದ ಹುಡುಗನಿಗೆ ಸಿಕ್ಕಿದ್ದು ಎಲ್ಲಕ್ಕಿಂತ ಸಣ್ಣ ಗಂಟೆ. ಸಣ್ಣ ಗಂಟೆಯವರು ಸಾಲಿನ ಕೊನೆಗೆ. ಬೆಟ್ಟದ ಮೇಲಿನ ಬೇಸಿಗೆಯ ಗುಡಿಸಲಿನಲ್ಲಿ ದೊಡ್ಡ ಗಂಟೆಯೊಂದು ತೂಗುಹಾಕಿರುವುದು ನೆನಪಾಗಿ, ಹುಡುಗ ಹಿಮದಲ್ಲಿ ಒಬ್ಬನೇ ಹತ್ತಿಹೋಗಿ, ರಾತ್ರಿ ಅಲ್ಲಿಯೇ ಮಲಗಿಬಿಡುತ್ತಾನೆ. ಕೆಳಗೆ ತಾಯಿಗೆ ನಿದ್ದೆಯಿಲ್ಲ. ಆ ಪುಸ್ತಕ ಜಗತ್ತಿನ ಅನೇಕ ಭಾಷೆಗಳಿಗೆ ಹೋಯಿತು. ಕರಿಜಿಯೆಟ್‌ಗೆ 1966ರಲ್ಲಿ ಮಕ್ಕಳ ಪುಸ್ತಕದ ಚಿತ್ರಗಳಿಗಾಗಿ ಕೊಡುವ ಹಾನ್ಸ್ ಕ್ರಿಶ್ಚಿಯನ್ ಆಂಡರ್ಸನ್ ಪ್ರಶಸ್ತಿ ಮೊತ್ತಮೊದಲಿಗೆ ಬಂತು. ರೊಮಾನ್ಷ್ ಎಂಬ ಹೆಸರನ್ನೇ ಕೇಳದ ಎಷ್ಟೋ ಮನೆಗಳಲ್ಲಿ ಆ ಹುಡುಗನ ಮೊನಚು ಟೊಪ್ಪಿಗೆ ಪರಿಚಿತ.

ಷ್ಕುವೋಲ್ ತಲುಪಿದ ಮೇಲೆ ನೋಡಲೇಬೇಕೆಂದು ಓಡಾಡುವಂಥದ್ದು ಹೆಚ್ಚಿಲ್ಲ. ಆ ಊರಿನ ಗುಣವೇ ಅದು. ಕೆಳಗಿನ ಹಳೆಯ ಕೇರಿಯಲ್ಲಿ ಚೌಕಗಳಿವೆ, ಚೌಕಗಳಲ್ಲಿ ನೀರಿನ ತೊಟ್ಟಿಗಳಿವೆ. ಕೆಲವು ತೊಟ್ಟಿಗಳಿಗೆ ಎರಡು ಕೊಳವೆ: ಒಂದರಲ್ಲಿ ಬೆಟ್ಟದ ಸಾದಾ ನೀರು, ಇನ್ನೊಂದರಲ್ಲಿ ಭೂಮಿಯೊಳಗಿನಿಂದ ಬರುವ ಖನಿಜದ ನೀರು. ಈ ನೀರು ಸೋಡಾದಂತೆ ನಾಲಿಗೆ ಚುರುಗುಟ್ಟಿಸುತ್ತದೆ, ಕಬ್ಬಿಣದ ವಾಸನೆ ಹೊಡೆಯುತ್ತದೆ, ಕಲ್ಲನ್ನು ಕೆಂಪಾಗಿಸುತ್ತದೆ. ಊರವರು ಬಾಟಲಿ ತಂದು ಹಿಡಿದುಕೊಂಡು ಹೋಗುತ್ತಾರೆ, ಹಣ ಕೇಳುವವರಿಲ್ಲ. ಚಳಿಗಾಲದಲ್ಲಿ ಹಿಮದಾಟಕ್ಕೆ ಬರುವವರಿಂದ ಊರು ತುಂಬುತ್ತದೆ. ಈಸ್ಟರ್ ಕಳೆದ ಮೇಲೆ, ಮತ್ತೆ ನವೆಂಬರ್‌ನಲ್ಲಿ, ಅನೇಕ ಹೋಟೆಲುಗಳು ಬಾಗಿಲು ಹಾಕುತ್ತವೆ. ಆಗ ರಾತ್ರಿ ನದಿಯ ಸದ್ದು ಊರಿನ ಮೇಲ್ತುದಿಗೂ ಕೇಳುತ್ತದೆ. ಫೆಬ್ರವರಿಯ ಮೊದಲ ಶನಿವಾರ ಹುಲ್ಲು ಸುತ್ತಿದ ಎತ್ತರದ ಬೊಂಬೆಯೊಂದನ್ನು ನಿಲ್ಲಿಸಿ ಸುಡುತ್ತಾರೆ. ಕಾಮದಹನ ಕಂಡವರಿಗೆ ಆ ಬೆಂಕಿಯ ಸುತ್ತಿನ ಕೇಕೆ ಪರಿಚಿತವೆನಿಸೀತು.

ಪಕ್ಕದ ಸೆಂಟ್ ಎಂಬ ಹಳ್ಳಿಯಲ್ಲಿ ಸಿರಿವಂತರ ಮನೆಗಳಂತೆ ಕಾಣುವ ಕಟ್ಟಡಗಳಿವೆ. ಹೊಲ ಸಾಲದೆ ಹೊಟ್ಟೆಪಾಡಿಗೆ ಇಟಲಿಗೆ ಹೋಗಿ, ಮಿಠಾಯಿ ಅಂಗಡಿ, ಕಾಫಿ ಅಂಗಡಿ ಇಟ್ಟು ಗಳಿಸಿದವರು ಕಟ್ಟಿಸಿದವು. ವೆನಿಸ್ ನಗರದಲ್ಲಿ ಮಿಠಾಯಿಯ ಕಸುಬಿನಲ್ಲಿ ಗ್ರೌಬ್ಯುಂಡೆನ್‌ನವರು ಎಷ್ಟು ತುಂಬಿದ್ದರೆಂದರೆ 1766ರಲ್ಲಿ ಆ ನಗರ ಅವರನ್ನು ಹೊರಹಾಕಿತು. ಅವರು ಯುರೋಪಿನ ಬೇರೆ ನಗರಗಳಿಗೆ ಚದುರಿದರು. ಬೇಸಿಗೆಗೆ ಮಾತ್ರ ಊರಿಗೆ ಬರುವ ಇಂತಹ ಮನೆತನಗಳವರನ್ನು ಜನ ‘ರಂದುಲೀನ್ಸ್’ ಎಂದು ಕರೆದರು. ಹಾಗೆಂದರೆ ಕವಲುತೋಕೆಯ ಅಂಬರಗುಬ್ಬಿಗಳು. ಪುಣೆ, ಮುಂಬಯಿಗಳಲ್ಲಿ ದುಡಿಯುತ್ತ ಜಾತ್ರೆಗೆಂದು ಅಕ್ಕಲಕೋಟೆಯ ಕಡೆಗೆ ಬರುವವರಿಗೆ ಇಲ್ಲಿ ಯಾವ ಹೆಸರೂ ಇಟ್ಟಂತಿಲ್ಲ.

ಮರಳುವಾಗ ಅದೇ ಸುತ್ತುದಾರಿ ಹಿಡಿಯಬೇಕಾಗಿಲ್ಲ. ಷ್ಕುವೋಲ್ ನಿಲ್ದಾಣದ ಮುಂದಿನಿಂದ ಹಳದಿ ಬಣ್ಣದ ಅಂಚೆ ಬಸ್ಸು ನದಿಯ ಗುಂಟ ಗಡಿಯ ಮಾರ್ತೀನಾ ಊರಿಗೆ ಇಳಿಯುತ್ತದೆ. ಅಲ್ಲಿ ಆಸ್ಟ್ರಿಯಾದ ಕಡೆಯ ಬಸ್ಸು ಹಿಡಿದು ಲಾಂಡೆಕ್ ಮುಟ್ಟಿ, ಹಗಲು ರೈಲಿನಲ್ಲಿ ಇನ್ಸ್‌ಬ್ರುಕ್‌ವರೆಗೆ ಹೋದರೆ, ಬರುವಾಗ ಕತ್ತಲಲ್ಲಿ ಕಾಣದೆ ಹೋದ ನದಿಯನ್ನು ಇಡೀ ದಾರಿ ಕಿಟಕಿಯಿಂದ ನೋಡಬಹುದು. ಮಾರ್ತೀನಾ ದಾಟಿದೊಡನೆ ಬಸ್ಸಿನ ಹಲಗೆಯ ಮೇಲೆ ‘ಎನ್’ ಹೋಗಿ ‘ಇನ್’ ಬರುತ್ತದೆ.